ನೀರಲ್ಲಿ ಕೈ, ಗೋಡೇಲಿ ಪ್ಲಗ್: ಮೀನಿನ ಟ್ಯಾಂಕ್ ಮತ್ತು ಕರೆಂಟ್ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ತಿಂಗಳು ಮನೇಲಿ ಅಕ್ವೇರಿಯಂ ಇಡೋದರ ಬಗ್ಗೆ ಬರೆದಾಗ ಕೊನೇಲಿ ಒಂದು ಸಾಲು ಸೇರಿಸಿದ್ದೆ, ನೀರಿಗೆ ಕೈ ಹಾಕೋ ಮುಂಚೆ ಎಲ್ಲಾ ಪ್ಲಗ್ ಕಿತ್ತುಬಿಡಿ ಅಂತ. ಮೀನಿನ ಬಗ್ಗೆ ಬಂದ ಪತ್ರಗಳಿಗಿಂತ ಆ ಒಂದು ಸಾಲಿನ ಬಗ್ಗೆ ಬಂದಿರೋದೇ ಜಾಸ್ತಿ. ಯಾಕೆ ಕೀಳಬೇಕು, ಸ್ವಿಚ್ ಆಫ್ ಮಾಡಿದ್ರೆ ಸಾಲದಾ, ನಮ್ಮನೇಲಿ ಹತ್ತು ವರ್ಷದಿಂದ ಏನೂ ಆಗಿಲ್ವಲ್ಲ, ಹೀಗೆ. ಹಾಗಾಗಿ ಈ ಸಲ ಪೂರ್ತಿ ಅಂಕಣ ಅದಕ್ಕೇ. ಒಂದೇ ಥರದ ಪತ್ರಗಳನ್ನ ಸೇರಿಸಿ ಒಂದೊಂದು ಪ್ರಶ್ನೆ ಮಾಡಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ನಮ್ಮದು ಮೂರಡಿ ಟ್ಯಾಂಕ್. ಫಿಲ್ಟರ್, ಏರ್ ಪಂಪ್, ಲೈಟ್ ಎಲ್ಲಾ ಇದೆ. ಒಂದು ವಾರದಿಂದ ನೀರಿಗೆ ಕೈ ಹಾಕಿದ್ರೆ ಬೆರಳ ತುದೀಲಿ ಜುಮ್ ಅನ್ನತ್ತೆ, ಅದೂ ಬರಿಗಾಲಲ್ಲಿ ನಿಂತಾಗ ಮಾತ್ರ, ಚಪ್ಪಲಿ ಹಾಕ್ಕೊಂಡ್ರೆ ಇಲ್ಲ. ವೈರ್‌ಮನ್ ನೋಡಿ 'ಎಂಸಿಬಿ ಇದೆಯಲ್ಲ, ಏನಾದ್ರೂ ಆದ್ರೆ ಅದೇ ಬೀಳತ್ತೆ, ತಲೆ ಕೆಡಿಸ್ಕೋಬೇಡಿ' ಅಂದ. ನಿಜಾನಾ? — ತುಮಕೂರು

ಉತ್ತರ: ನಿಜ ಅಲ್ಲ. ಇದನ್ನ ಓದ್ತಾ ಇರೋವಾಗ್ಲೇ ಎದ್ದು ಹೋಗಿ ಆ ಟ್ಯಾಂಕಿನ ಪ್ಲಗ್‌ಗಳನ್ನೆಲ್ಲ ಕಿತ್ತು ಬನ್ನಿ, ಆಮೇಲೆ ಮುಂದಕ್ಕೆ ಓದಿ. ಮೀನು ಒಂದೆರಡು ಗಂಟೆ ಫಿಲ್ಟರ್ ಇಲ್ದೇ ಇರತ್ತೆ, ಏನಾಗಲ್ಲ.

ಎಂಸಿಬಿ, ಅಂದ್ರೆ ಕರೆಂಟ್ ಮಿತಿ ಮೀರಿದ್ರೆ ತಾನಾಗೇ ಬೀಳೋ ಸ್ವಿಚ್, ಇರೋದು ವೈರ್ ಸುಟ್ಟು ಹೋಗ್ದೇ ಇರ್ಲಿ ಅಂತ, ನಿಮ್ಮನ್ನ ಉಳಿಸೋಕಲ್ಲ. 16 ಆಂಪ್ ಎಂಸಿಬಿ ಅಂದ್ರೆ 16 ಆಂಪ್‌ವರೆಗೂ ಅದು ಆರಾಮಾಗಿ ಕೂತಿರತ್ತೆ. ಮನುಷ್ಯನಿಗೆ ಜುಮ್ ಅನ್ನೋಕೆ ಸುಮಾರು 1 ಮಿಲಿ ಆಂಪ್ ಸಾಕು, ಅಂದ್ರೆ ಒಂದು ಆಂಪ್‌ನ ಸಾವಿರದಲ್ಲಿ ಒಂದು ಭಾಗ. 10 ಮಿಲಿ ಆಂಪ್ ಹತ್ರ ಬಂದ್ರೆ ಕೈ ಸ್ನಾಯು ಬಿಗಿದುಕೊಂಡು ಹಿಡಿದಿದ್ದನ್ನ ಬಿಡೋಕಾಗಲ್ಲ, ನಮ್ಮ ಕಡೆ 'ಕರೆಂಟ್ ಎಳ್ಕೊಂಡುಬಿಡ್ತು' ಅಂತಾರಲ್ಲ ಅದು ಇದೇ. 30 ಮಿಲಿ ಆಂಪ್ ದಾಟಿ ಸ್ವಲ್ಪ ಹೊತ್ತು ಹರಿದ್ರೆ ಹೃದಯದ ಲಯ ತಪ್ಪೋ ಅಪಾಯ ಶುರು. ಈಗ ನಿಮ್ಮ ಲೆಕ್ಕ ನೋಡಿ: ಮನೆ ಕರೆಂಟ್ 230 ವೋಲ್ಟ್, ಮೊಣಕೈವರೆಗೂ ನೀರಲ್ಲಿ ಕೈ, ಕೆಳಗೆ ನೀರು ಚೆಲ್ಲಿರೋ ನೆಲ, ಬರಿಗಾಲು, ಅಂಥ ಹೊತ್ತಲ್ಲಿ ದೇಹದ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡೋ ತಡೆ) 1500 ಓಮ್ ಅಂದ್ಕೊಂಡ್ರೂ 230 ಭಾಗಿಸು 1500, ಸುಮಾರು 150 ಮಿಲಿ ಆಂಪ್ ಆಯ್ತು. ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ, ನೀವು ಬಿದ್ರೂ ಅದು ಬೀಳಲ್ಲ.

ಅರ್ಥಿಂಗ್ ಇದೆಯಲ್ಲ ಅಂತ ಮುಂದಿನ ಪತ್ರ ಬರತ್ತೆ ಅಂತ ಗೊತ್ತು, ಅದಕ್ಕೂ ಈಗ್ಲೇ ಹೇಳ್ತೀನಿ. ಅರ್ಥಿಂಗ್, ಅಂದ್ರೆ ಸೋರಿದ ಕರೆಂಟ್‌ನ ನೆಲಕ್ಕೆ ಇಳಿಸೋ ತಂತಿ, ಬೇಕೇ ಬೇಕು, ಆದ್ರೆ ಅದೊಂದೇ ಸಾಲದು. ಮನೆ ಹಿಂದಿನ ಅರ್ಥ್ ಗುಂಡಿಗೆ ಉಪ್ಪು ಇದ್ದಿಲು ಹಾಕಿ ಎಷ್ಟೋ ವರ್ಷ ಆಗಿರತ್ತೆ, ಬೇಸಿಗೇಲಿ ಒಂದು ಬಿಂದಿಗೆ ನೀರು ಹುಯ್ದೋರಿಲ್ಲ, ಮಣ್ಣೆಲ್ಲ ಒಣಗಿ ರೆಸಿಸ್ಟೆನ್ಸ್ 20 ಓಮ್ ಆಗಿದೆ ಅಂತ ಇಟ್ಕೊಳಿ. ಪಂಪಿನ ಹೊರಮೈಗೆ ಫೇಸ್ (ಕರೆಂಟ್ ಬರೋ ತಂತಿ) ತಾಗಿ ಪೂರ್ತಿ ಕರೆಂಟ್ ಅರ್ಥ್‌ಗೆ ಹೋದ್ರೂ 230 ಭಾಗಿಸು 20, ಹನ್ನೊಂದೂವರೆ ಆಂಪ್. 16 ಆಂಪ್ ಎಂಸಿಬಿ ಆಗಲೂ ಬೀಳಲ್ಲ! ಇದು ವೈರಿಂಗ್ ಪರೀಕ್ಷೆ ಪಾಸು ಮಾಡಿರೋ ಎಲ್ರಿಗೂ ಗೊತ್ತಿರೋ ಲೆಕ್ಕ, ಆದ್ರೂ ಮನೆ ಮನೇಲಿ 'ಎಂಸಿಬಿ ಇದೆಯಲ್ಲ' ಅಂತಾನೇ ಹೇಳ್ತಾರೆ.

ನಿಮಗೆ ಬೇಕಾಗಿರೋದು ಆರ್‌ಸಿಸಿಬಿ, 30 ಮಿಲಿ ಆಂಪ್‌ದು. ಇದರ ಕೆಲಸ ಸರಳ, ಫೇಸಲ್ಲಿ ಎಷ್ಟು ಕರೆಂಟ್ ಹೋಯ್ತೋ ನ್ಯೂಟ್ರಲ್‌ನಲ್ಲಿ ಅಷ್ಟೇ ವಾಪಸ್ ಬರ್ತಾ ಇದೆಯಾ ಅಂತ ಸದಾ ನೋಡ್ತಿರತ್ತೆ, ಮಧ್ಯೆ ಎಲ್ಲೋ ನೀರು, ಕೈ, ನೆಲ ಅಂತ ಸೋರಿ ಹೋದ್ರೆ ಆ ವ್ಯತ್ಯಾಸ 30 ಮಿಲಿ ಆಂಪ್ ಮುಟ್ಟೋಷ್ಟರಲ್ಲಿ ಬಿದ್ದುಬಿಡತ್ತೆ. 150 ಮಿಲಿ ಆಂಪ್ ಸೋರಿಕೆ ಆದ್ರೆ 40 ಮಿಲಿ ಸೆಕೆಂಡ್ ಒಳಗೆ ಕಟ್ ಆಗ್ಬೇಕು ಅನ್ನೋದು ಅದರ ಸ್ಟ್ಯಾಂಡರ್ಡ್. ಗಮನಿಸಿ, ಶಾಕೇ ಹೊಡಿಯಲ್ಲ ಅಂತಲ್ಲ, ಹೊಡಿಯತ್ತೆ, ಆದ್ರೆ ಕೈ ಕಿತ್ಕೊಳೋಷ್ಟರಲ್ಲಿ ಕರೆಂಟ್ ಹೋಗಿರತ್ತೆ. ಅರ್ಥಿಂಗ್ ಸರಿ ಇಲ್ಲದ ಮನೇಲೂ ಇದು ಕೆಲಸ ಮಾಡತ್ತೆ, ಅರ್ಥಿಂಗ್ ಇದ್ರೆ ನೀವು ಮುಟ್ಟೋ ಮುಂಚೆನೇ ಬೀಳತ್ತೆ, ಅದೇ ವ್ಯತ್ಯಾಸ. ಅಂಗಡೀಲಿ 100, 300 ಮಿಲಿ ಆಂಪ್‌ದೂ ಸಿಗತ್ತೆ, ಅವು ಬೆಂಕಿ ತಡಿಯೋಕೆ, ಮನುಷ್ಯರಿಗಲ್ಲ, ಕಡಿಮೆಗೆ ಕೊಡ್ತೀನಿ ಅಂದ್ರೂ ತರಬೇಡಿ. ಒಳ್ಳೆ ಕಂಪನಿಯ ಟೂ ಪೋಲ್ (ಫೇಸು ನ್ಯೂಟ್ರಲ್ಲು ಎರಡನ್ನೂ ಕಟ್ ಮಾಡೋ) 30 ಮಿಲಿ ಆಂಪ್‌ದು ಎರಡು ಸಾವಿರದ ಆಸುಪಾಸು ಬೀಳತ್ತೆ. ಒಂದು ಜೊತೆ ಒಳ್ಳೆ ಡಿಸ್ಕಸ್ ಮೀನಿನ ರೇಟ್ ವಿಚಾರಿಸಿ ನೋಡಿ, ಆಮೇಲೆ ಇದು ದುಬಾರಿ ಅನ್ನಿ. ಹಾಕಿಸೋವಾಗ ಎಂಸಿಬಿ ತೆಗೀಬಾರದು, ಆರ್‌ಸಿಸಿಬಿ ಓವರ್‌ಲೋಡ್ ನೋಡಲ್ಲ, ಎರಡೂ ಬೇಕು. ಎರಡೂ ಒಂದರಲ್ಲೇ ಬೇಕು ಅಂದ್ರೆ ಆರ್‌ಸಿಬಿಓ ಅಂತ ಕೇಳಿ.

ನಿಮ್ಮ ಜುಮ್ ವಿಷಯಕ್ಕೆ ಬಂದ್ರೆ, ಎಲ್ಲಾ ಪ್ಲಗ್ ಕಿತ್ತ ಮೇಲೂ, ಅಥವಾ ಬಚ್ಚಲ ನಲ್ಲಿ ಮುಟ್ಟಿದ್ರೂ ಜುಮ್ ಅಂದ್ರೆ ತೊಂದ್ರೆ ಟ್ಯಾಂಕ್‌ದಲ್ಲ, ಮನೆ ಅರ್ಥಿಂಗ್‌ದೋ ಇಲ್ಲಾ ಲೈನ್ ನ್ಯೂಟ್ರಲ್‌ದೋ. ಆಗ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕರೀರಿ, ಅಕ್ಕಪಕ್ಕದ ಮನೇಲೂ ಹಾಗೇ ಆಗ್ತಿದ್ರೆ ಕರೆಂಟ್ ಕಂಪನಿಯ ದೂರಿನ ನಂಬರ್ 1912ಗೆ ಫೋನ್ ಮಾಡಿ.

ಪ್ರಶ್ನೆ: ಟ್ಯಾಂಕ್‌ನಲ್ಲಿ ಕರೆಂಟ್ ಇದ್ರೆ ಮೊದ್ಲು ಮೀನು ಸಾಯ್ಬೇಕಲ್ವಾ? ನಮ್ಮ ಆಸ್ಕರ್ ಮೀನು ಚೆನ್ನಾಗಿ ತಿಂದ್ಕೊಂಡು ಓಡಾಡ್ತಿದೆ. — ಹಾಸನ

ಉತ್ತರ: ಈ ನಂಬಿಕೆ ತುಂಬಾ ಜನರಲ್ಲಿದೆ, ಅದಕ್ಕೇ ಇದು ಅಪಾಯ. ಲೈಟ್ ಕಂಬದ ತಂತಿ ಮೇಲೆ ಕಾಗೆ ಕೂತಿರತ್ತಲ್ಲ, ಅದಕ್ಕೇನಾಗತ್ತೆ? ಮೀನಿನದ್ದೂ ಅದೇ ಕಥೆ. ಗಾಜಿನ ಟ್ಯಾಂಕ್, ಕೆಳಗೆ ಥರ್ಮೋಕೋಲ್, ಮರದ ಸ್ಟ್ಯಾಂಡ್, ನೀರು ಪೂರ್ತಿ 230 ವೋಲ್ಟ್‌ಗೆ ಏರಿ ಕೂತಿದ್ರೂ ಹರಿದು ಹೋಗೋಕೆ ದಾರಿ ಇಲ್ಲ, ಹರಿಯದ ಕರೆಂಟ್ ಮೀನಿಗೆ ಏನೂ ಮಾಡಲ್ಲ. ದಾರಿ ಮಾಡಿಕೊಡೋದು ನೆಲದ ಮೇಲೆ ನಿಂತು ಕೈ ಅದ್ದೋ ನೀವು. ಆಸ್ಕರ್ ಆರಾಮಾಗಿದೆ ಅನ್ನೋದರಿಂದ ಗೊತ್ತಾಗೋದು ಆಸ್ಕರ್ ಆರಾಮಾಗಿದೆ ಅಂತ ಮಾತ್ರ.

ಪ್ರಶ್ನೆ: ಬೆಂಗಳೂರಲ್ಲಿ ಬಾಡಿಗೆ ಮನೆ. ಡಿಸೆಂಬರ್‌ನಲ್ಲಿ ಚಳಿಗೆ ಮೀನಿಗೆ ಬಿಳಿ ಚುಕ್ಕೆ ಬರತ್ತೆ ಅಂತ 100 ವಾಟ್ ಹೀಟರ್ ತಂದಿದೀನಿ, ಟೂ ಪಿನ್ ಪ್ಲಗ್. ಡಿಬಿ ಬಾಕ್ಸ್ (ಎಂಸಿಬಿಗಳೆಲ್ಲ ಇರೋ ಡಬ್ಬಿ) ಮುಟ್ಟೋಕೆ ಓನರ್ ಬಿಡಲ್ಲ. ಏನ್ ಮಾಡ್ಲಿ? ನೀರು ಬದಲಾಯಿಸೋವಾಗ ಹೀಟರ್ ಸ್ವಿಚ್ ಆಫ್ ಮಾಡಿದ್ರೆ ಸಾಕಲ್ವಾ? — ರಾಜಾಜಿನಗರ

ಉತ್ತರ: ಕೊನೇ ಪ್ರಶ್ನೆ ಮೊದ್ಲು. ಸಾಲದು. ಹಳೇ ಮನೆಗಳಲ್ಲಿ, ಹೊಸದ್ರಲ್ಲೂ ಎಷ್ಟೋ ಕಡೆ, ಫೇಸು ನ್ಯೂಟ್ರಲ್ಲು ಅದಲು ಬದಲು ಆಗಿರತ್ತೆ, ಸ್ವಿಚ್ ನ್ಯೂಟ್ರಲ್ ಮೇಲೆ ಕೂತಿರತ್ತೆ. ಸ್ವಿಚ್ ಆಫ್ ಮಾಡಿದ್ರೆ ಹೀಟರ್ ಬಿಸಿ ಆಗೋದು ನಿಲ್ಲತ್ತೆ, ಆದ್ರೆ ಫೇಸ್ ಹೀಟರ್ ಒಳಗೇ ಜೀವಂತ ಇರತ್ತೆ. ಹೀಟರ್ ಮೇಲಿನ ಕೆಂಪು ದೀಪ ಆರಿದ್ರೂ ಅಷ್ಟೇ, ಒಳಗಿನ ಥರ್ಮೋಸ್ಟಾಟ್ ಒಂದೇ ತಂತಿ ಕಟ್ ಮಾಡೋದು. ಕಣ್ಣಿಗೆ ಕಾಣೋ ಹಾಗೆ ಪ್ಲಗ್ ಕೈಲಿದ್ರೆ ಮಾತ್ರ ಆಫ್ ಅಂತ ಲೆಕ್ಕ.

ಟ್ಯಾಂಕಿನೊಳಗಿನ ಸಾಮಾನುಗಳಲ್ಲಿ ನನಗೆ ಜಾಸ್ತಿ ಭಯ ಇರೋದೇ ಗಾಜಿನ ಹೀಟರ್ ಮೇಲೆ. ಯಾಕಂದ್ರೆ ಅದು ಕೆಡೋ ರೀತಿ ಹಾಗಿದೆ. ನೀರು ತೆಗೀತಾ ತೆಗೀತಾ ಮಟ್ಟ ಅರ್ಧಕ್ಕೆ ಬಂತು, ಹೀಟರ್ ಆನ್ ಇದೆ, ಮೇಲಿನ ಅರ್ಧ ಗಾಳೀಲಿ ಕಾದು ಕೆಂಡ ಆಯ್ತು, ಆಮೇಲೆ ಬಕೆಟ್‌ನಿಂದ ತಣ್ಣೀರು ಹುಯ್ದ್ರಿ, ಟಿಕ್ ಅಂತ ಒಂದು ಸಣ್ಣ ಶಬ್ದ ಬಂತು, ಕೂದಲೆಳೆ ಬಿರುಕು, ನೋಡಿದ್ರೂ ಕಾಣಲ್ಲ. ಒಳಗಿನ ಕಾಯಿಲ್ ಬರಿ ತಂತಿ, ಬಿರುಕಿನಿಂದ ನೀರು ಹೋಗಿ ಅದನ್ನ ಮುಟ್ಟಿದ್ರೆ ಫೇಸ್ ನೇರ ನೀರಲ್ಲಿ. ಹೀಟರ್ ಮಾತ್ರ ಕೆಲಸ ಮಾಡ್ತಾನೇ ಇರತ್ತೆ, ದೀಪಾನೂ ಉರೀತಿರತ್ತೆ, ಹಾಗಾಗಿ ಯಾರಿಗೂ ಗೊತ್ತಾಗಲ್ಲ. ಆದ್ದರಿಂದ ನೀರು ಬದಲಾಯಿಸೋ ದಿನ ಮೊದಲ ಕೆಲಸ ಹೀಟರ್ ಪ್ಲಗ್ ಕೀಳೋದು, ಒಂದು ಹದಿನೈದು ನಿಮಿಷ ಬಿಟ್ಟು ಪೈಪ್ ಹಾಕೋದು. ವಾಪಸ್ ಹಾಕೋದೂ ನೀರು ಪೂರ್ತಿ ತುಂಬಿ ಹೀಟರ್ ಮೇಲಿರೋ ಗೆರೆ ಮುಳುಗಿದ ಮೇಲೆ, ಅದೂ ಕೈ ಒರೆಸ್ಕೊಂಡು. ಒಳಗೆ ಮಂಜು ಕಟ್ಟಿದ ಹಾಗೆ ಕಂಡ್ರೆ, ನೀರಿನ ಹನಿ ಕಂಡ್ರೆ ಎಸೀರಿ. ಅಂಟು ಹಾಕಿ ರಿಪೇರಿ ಮಾಡಿದೀನಿ ಅಂತ ಹೇಳೋರು ಇದಾರೆ, ನಮಸ್ಕಾರ ಅವರಿಗೆ.

ಇನ್ನು ಓನರ್ ವಿಷಯ. ಡಿಬಿ ಮುಟ್ಟದೇ ಮಾಡೋಕೂ ದಾರಿ ಇದೆ. ಎಲೆಕ್ಟ್ರಿಷಿಯನ್ ಹತ್ರ ಒಂದು ಸಣ್ಣ ಪ್ಲಾಸ್ಟಿಕ್ ಬಾಕ್ಸ್‌ನಲ್ಲಿ 30 ಮಿಲಿ ಆಂಪ್ ಆರ್‌ಸಿಬಿಓ ಕೂರಿಸಿ, ಅದರಿಂದ ಮುಂದಕ್ಕೆ ನಾಲ್ಕು ತ್ರೀ ಪಿನ್ ಸಾಕೆಟ್, ಹಿಂದಕ್ಕೆ ಒಂದು ತ್ರೀ ಪಿನ್ ಪ್ಲಗ್ ಇರೋ ಬೋರ್ಡ್ ಮಾಡಿಸ್ಕೊಳಿ. ಆನ್‌ಲೈನಲ್ಲಿ ಪ್ಲಗ್ ರೂಪದಲ್ಲೇ ಬರೋ ರೆಡಿಮೇಡ್ ಆರ್‌ಸಿಡಿನೂ (ಆರ್‌ಸಿಸಿಬಿ ಥರದ್ದೇ) ಸಿಗತ್ತೆ. ಟ್ಯಾಂಕಿನ ಸಾಮಾನೆಲ್ಲ ಅದರ ಮೂಲಕಾನೇ. ಮನೆ ಬಿಡೋವಾಗ ಕಿತ್ಕೊಂಡು ಹೋಗಬಹುದು, ಓನರ್‌ಗೆ ಹೇಳೋದೂ ಬೇಡ.

ಟೂ ಪಿನ್ ಬಗ್ಗೆ ಒಂದು ಮಾತು. ಚೌಕದೊಳಗೆ ಇನ್ನೊಂದು ಚೌಕ ಇರೋ ಗುರುತು ಸಾಮಾನಿನ ಮೇಲಿದ್ರೆ ಅದು ಡಬಲ್ ಇನ್ಸುಲೇಶನ್, ಟೂ ಪಿನ್ ಇರೋದು ತಪ್ಪಲ್ಲ. ಆ ಗುರುತು ಇಲ್ಲ, ಹೊರಗೆ ಲೋಹದ ಬಾಡಿ ಬೇರೆ ಇದೆ, ಟೂ ಪಿನ್ನೂ ಇದೆ ಅಂದ್ರೆ ವಾಪಸ್ ಕೊಡಿ. ಚಪ್ಪಟೆ ಪಿನ್ ಇರೋ ಪ್ಲಗ್‌ನ ನಮ್ಮ ದುಂಡು ತೂತಿನ ಸಾಕೆಟ್‌ಗೆ ಬೆಂಕಿಪೊಟ್ಟಣದ ಕಡ್ಡಿ ಸಿಕ್ಕಿಸಿ ಟೈಟ್ ಮಾಡೋರಿದಾರೆ (ನಗಬೇಡಿ, ನಿಮ್ಮ ಓಣೀಲೇ ಒಬ್ರು ಸಿಗ್ತಾರೆ), ಅಲ್ಲಿ ಲೂಸ್ ಕಾಂಟಾಕ್ಟ್ ಆಗಿ ಕಿಡಿ ಹಾರಿ ಕಪ್ಪಾಗತ್ತೆ. ಪ್ಲಗ್ಗೇ ಬದಲಾಯಿಸಿ, ಐಎಸ್ಐ ಗುರುತಿಂದು.

ಪ್ರಶ್ನೆ: ಮಲ್ಟಿಮೀಟರ್‌ನ ಒಂದು ಕಡ್ಡಿ ಟ್ಯಾಂಕ್ ನೀರಿಗೂ ಇನ್ನೊಂದು ಸಾಕೆಟ್‌ನ ಅರ್ಥ್‌ಗೂ ಹಿಡಿದು ನೋಡಿದೆ, 42 ವೋಲ್ಟ್ ತೋರಿಸ್ತು! ಟೆಸ್ಟರ್ ಅದ್ದಿದ್ರೂ ಸಣ್ಣಗೆ ಉರಿಯತ್ತೆ. ಆದ್ರೆ ಕೈ ಹಾಕಿದ್ರೆ ಏನೂ ಅನ್ಸಲ್ಲ. ಟೈಟಾನಿಯಂ ಗ್ರೌಂಡಿಂಗ್ ಪ್ರೋಬ್ (ನೀರನ್ನ ಅರ್ಥ್‌ಗೆ ಸೇರಿಸೋ ಕಡ್ಡಿ) ಹಾಕಿದ್ರೆ ಸರಿ ಹೋಗತ್ತೆ ಅಂತ ಫ್ರೆಂಡ್ ಹೇಳ್ದ. — ಮೈಸೂರು

ಉತ್ತರ: ಮೊದಲನೇದಾಗಿ, ನೀರಲ್ಲಿ ಕರೆಂಟ್ ಇದೆಯಾ ಅಂತ ಕೈ ಹಾಕಿ ನೋಡೋದನ್ನ ನಿಲ್ಲಿಸಿ ಮಾರಾಯ್ರೇ.

ಈ 42 ವೋಲ್ಟ್ ನೋಡಿ ತುಂಬಾ ಜನ ಗಾಬರಿ ಆಗ್ತಾರೆ. ಮುಳುಗೋ ಪಂಪ್‌ನಲ್ಲಿ ಕಾಯಿಲ್ ಇರೋದು ಎಪಾಕ್ಸಿ (ಗಟ್ಟಿಯಾಗೋ ಅಂಟು) ಒಳಗೆ ಮುಚ್ಚಿ. ಒಂದು ಕಡೆ ತಾಮ್ರದ ತಂತಿ, ಮಧ್ಯೆ ಎಪಾಕ್ಸಿ, ಆ ಕಡೆ ನೀರು, ಇದು ತಾನಾಗೇ ಒಂದು ಸಣ್ಣ ಕೆಪಾಸಿಟರ್ ಆಯ್ತು. ಎಸಿ ಕರೆಂಟ್ ಅದರ ಮೂಲಕ ಮೈಕ್ರೋ ಆಂಪ್ (ಮಿಲಿ ಆಂಪ್‌ನ ಸಾವಿರದಲ್ಲಿ ಒಂದು ಭಾಗ) ಲೆಕ್ಕದಲ್ಲಿ ನುಸುಳತ್ತೆ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾಓಮ್, ಅಂದ್ರೆ ಒಂದು ಕೋಟಿ ಓಮ್, ಅಷ್ಟು ದೊಡ್ಡ ರೆಸಿಸ್ಟೆನ್ಸ್ ಎದುರು ನಾಲ್ಕು ಮೈಕ್ರೋ ಆಂಪ್ ಹರಿದ್ರೂ 40 ವೋಲ್ಟ್ ಕಾಣತ್ತೆ. ನಿಯಾನ್ ಟೆಸ್ಟರ್ ಉರಿಯೋಕೂ ಇಂಥ ಚೂರು ಕರೆಂಟೇ ಸಾಕು. ಅಂದ್ರೆ ಆ ಅಂಕಿ ನೋಡಿ ಅಪಾಯ ಇದೆ ಅಂತಾನೂ ಹೇಳೋಕಾಗಲ್ಲ, ಇಲ್ಲ ಅಂತಾನೂ ಹೇಳೋಕಾಗಲ್ಲ. ಇಷ್ಟು ಸಾಲದು ಅನ್ನೋ ಹಾಗೆ ಎಲ್ಇಡಿ ಲೈಟಿನ ಅಲ್ಯುಮಿನಿಯಂ ಹುಡ್ ಮೇಲೆ ಕೈ ಆಡಿಸಿದ್ರೆ ಮುಳ್ಳು ಮುಳ್ಳು ಅನ್ನಿಸೋದೂ ಎಷ್ಟೋ ಸಲ ಡ್ರೈವರ್ (ಲೈಟಿಗೆ ಕರೆಂಟ್ ಹೊಂದಿಸಿ ಕೊಡೋ ಸರ್ಕ್ಯೂಟ್) ಒಳಗಿನ ಫಿಲ್ಟರ್ ಕೆಪಾಸಿಟರ್‌ನಿಂದ, ಟೂ ಪಿನ್ ಪ್ಲಗ್ ಇರೋ ಲ್ಯಾಪ್‌ಟಾಪ್ ಮುಟ್ಟಿದಾಗ ಆಗತ್ತಲ್ಲ ಅದು.

ಹಾಗಂತ ಸುಮ್ಮನಿರಬೇಡಿ. ಮೀಟರ್ ಕಡ್ಡಿ ನೀರಲ್ಲೇ ಇರ್ಲಿ, ನೀವು ನೀರು ಮುಟ್ಟಬೇಡಿ, ಒಂದೊಂದೇ ಪ್ಲಗ್ ಕೀಳ್ತಾ ಬನ್ನಿ. ಪ್ರತಿ ಪ್ಲಗ್‌ಗೂ ಐದೋ ಹತ್ತೋ ವೋಲ್ಟ್ ಇಳೀತಾ ಹೋದ್ರೆ ಅದು ಮೇಲೆ ಹೇಳಿದ ಕೆಪಾಸಿಟರ್ ಆಟ ಇರಬಹುದು. ಒಂದು ಪ್ಲಗ್ ಕಿತ್ತ ಕೂಡ್ಲೇ ದಢಕ್ಕಂತ ಬಿದ್ರೆ, ಅಥವಾ ಮೀಟರ್ 100, 150, 200 ಅಂತ ತೋರಿಸ್ತಿದ್ರೆ ಆ ಸಾಮಾನು ಹೊರಗೆ. ಗಟ್ಟಿ ಉತ್ತರ ಬೇಕು ಅಂದ್ರೆ ಎಲೆಕ್ಟ್ರಿಷಿಯನ್ ಹತ್ರ 500 ವೋಲ್ಟ್ ಮೆಗ್ಗರ್ ಇರತ್ತೆ, ಪಂಪ್‌ನ ಬಕೆಟ್ ನೀರಲ್ಲಿ ಮುಳುಗಿಸಿ, ಪ್ಲಗ್ ಪಿನ್‌ಗೂ ನೀರಿಗೂ ಮಧ್ಯೆ ಇನ್ಸುಲೇಶನ್ ಅಳೀಲಿ. ಒಳ್ಳೇ ಪಂಪ್ ಎಷ್ಟೋ ಮೆಗಾಓಮ್ ತೋರಿಸತ್ತೆ, 1 ಮೆಗಾಓಮ್‌ಗಿಂತ ಕೆಳಗೆ ಬಂದ್ರೆ ಅದನ್ನ ಮತ್ತೆ ಟ್ಯಾಂಕಿಗೆ ಹಾಕ್ಬೇಡಿ.

ಪ್ರೋಬ್ ಬಗ್ಗೆ ನನ್ನ ಅಭಿಪ್ರಾಯ ಹೇಳ್ಬಿಡ್ತೀನಿ, ಒಪ್ಪದೇ ಇರೋರೂ ಇದಾರೆ. ಆರ್‌ಸಿಸಿಬಿ ಇದ್ರೆ ಪ್ರೋಬ್ ಒಳ್ಳೇದು: ಹೀಟರ್ ಒಡೆದ ಕ್ಷಣಾನೇ ಕರೆಂಟ್ ಪ್ರೋಬ್ ಮೂಲಕ ಅರ್ಥ್‌ಗೆ ಹೋಗಿ ಆರ್‌ಸಿಸಿಬಿ ಬೀಳತ್ತೆ, ಆಗ ನೀವು ಮನೇಲಿ ಇಲ್ದೇ ಇದ್ರೂ ಸರಿ. ಆರ್‌ಸಿಸಿಬಿ ಇಲ್ದೇ ಬರೀ ಪ್ರೋಬ್ ಹಾಕೋದು ಬೇಡ. ಆಗ ಕರೆಂಟ್ ನೀರಲ್ಲಿ ಸದ್ದಿಲ್ದೇ ಹರೀತಾನೇ ಇರತ್ತೆ, ಮೀನಿನ ಸುತ್ತಾನೇ, ಅಷ್ಟೇ ಅಲ್ಲ ನೀರು ಅರ್ಥ್‌ಗೆ ಸೇರಿರೋದ್ರಿಂದ ನೀವು ಒಂದು ಕೈ ನೀರಲ್ಲಿಟ್ಟು ಇನ್ನೊಂದು ಕೈಲಿ ಕೆಟ್ಟಿರೋ ಲೈಟ್ ಮುಟ್ಟಿದ್ರೆ ದಾರಿ ಇನ್ನೂ ಸಲೀಸು, ಅದೂ ಎದೆ ಮೂಲಕ. ಮೊದಲು ಆರ್‌ಸಿಸಿಬಿ, ಆಮೇಲೆ ಪ್ರೋಬ್. ಸ್ಟೀಲ್ ಕಡ್ಡಿ, ತಾಮ್ರದ ತಂತಿ ಅಂತ ಮನೇಲೇ ಪ್ರೋಬ್ ಮಾಡ್ಬೇಡಿ, ತಾಮ್ರ ಸೀಗಡಿಗೂ ಬಸವನಹುಳಕ್ಕೂ ವಿಷ.

ಪ್ರಶ್ನೆ: ಟ್ಯಾಂಕ್ ಸ್ಟ್ಯಾಂಡ್ ಒಳಗೆ ಎಕ್ಸ್‌ಟೆನ್ಷನ್ ಬಾಕ್ಸ್ ಇಟ್ಟಿದೀವಿ, ಹೊರಗೆ ಕಾಣಲ್ಲ, ನೀಟಾಗಿದೆ. ಪರವಾಗಿಲ್ವಾ? — ದಾವಣಗೆರೆ

ಉತ್ತರ: ನೀಟಾಗಿದೆ, ಆದ್ರೆ ನೀರು ಬೀಳೋ ಜಾಗಾನೇ ಅದು. ಬಾಕ್ಸ್‌ನ ನೆಲದ ಮೇಲೆ ಮಲಗಿಸಬೇಡಿ, ಟ್ಯಾಂಕ್ ಕೆಳಗೇ ಬೇಡ, ಪಕ್ಕದ ಗೋಡೆಗೆ ಎತ್ತರದಲ್ಲಿ ಸ್ಕ್ರೂ ಮಾಡಿ. ವೈರ್‌ಗಳು ಟ್ಯಾಂಕಿಂದ ನೇರ ಸಾಕೆಟ್‌ಗೆ ಇಳೀಬಾರದು, ಸಾಕೆಟ್‌ಗಿಂತ ಕೆಳಗೆ ಒಂದು ಸಲ ಜೋತು ಬಿದ್ದು ಆಮೇಲೆ ಮೇಲೆ ಹತ್ತಬೇಕು, ವೈರ್ ಗುಂಟ ಇಳಿಯೋ ನೀರು ಆ ಬಾಗಿದ ಜಾಗದಲ್ಲೇ ತೊಟ್ಟಿಕ್ಕಿ ಹೋಗತ್ತೆ. ಈ ಬಾಗುವಿಕೆಗೆ ಒಂದು ಪೈಸೆ ಖರ್ಚಿಲ್ಲ. ಏರ್ ಪಂಪ್ ನೀರಿನ ಮಟ್ಟಕ್ಕಿಂತ ಕೆಳಗಿದ್ರೆ ಕರೆಂಟ್ ಹೋದಾಗ ನೀರು ಟ್ಯೂಬಲ್ಲಿ ವಾಪಸ್ ಎಳ್ಕೊಂಡು ಪಂಪ್ ಒಳಗೇ ಬರತ್ತೆ, ಟ್ಯೂಬಿಗೆ ನಾನ್ ರಿಟರ್ನ್ ವಾಲ್ವ್ ಹಾಕಿ, ಹತ್ತಿಪ್ಪತ್ತು ರೂಪಾಯಿಗೆ ಸಿಗತ್ತೆ. ಈಗಾಗ್ಲೇ ಬಾಕ್ಸ್ ಒದ್ದೆ ಆಗಿದ್ರೆ ಅದನ್ನ ಮುಟ್ಟಬೇಡಿ, ಅದರ ಸ್ವಿಚ್ಚನ್ನೂ ಮುಟ್ಟಬೇಡಿ, ಡಿಬಿಗೆ ಹೋಗಿ ಅಲ್ಲಿಂದ ಆಫ್ ಮಾಡಿ.

ಪ್ರಶ್ನೆ: ಸರ, ನೀವು ಹೇಳೂದಕ್ಕಿಂತ ಮೊದಲ ನಮ್ಮ ಮನ್ಯಾಗ ಆರ್‌ಸಿಸಿಬಿ ಹಾಕ್ಸೀವಿ. ಮೂರು ದಿನಾ ಊರಿಗೆ ಹೋಗಿದ್ವಿ, ಬಂದು ನೋಡಿದ್ರ ಅದು ಬಿದ್ದಿತ್ತು, ಗೋಲ್ಡ್ ಫಿಶ್ ಎಲ್ಲಾ ಸತ್ತು ಮ್ಯಾಲೆ ತೇಲಾಕತ್ತಿದ್ವು. ಈಗ ಅದನ್ನ ತಗದು ಬಿಡೂನು ಅಂತ ಮನ್ಯಾಗ ಗದ್ಲ ನಡದೈತಿ. — ಧಾರವಾಡ

ಉತ್ತರ: ಮೀನು ಹೋಗಿದ್ದು ಬೇಜಾರೇ. ಆದ್ರೆ ತೆಗೀಬೇಡಿ. ಅದು ಸುಮ್ಮನೆ ಬೀಳಲ್ಲ, ಏನೋ ಸೋರಿದೆ, ಎಲ್ಲಿ ಅಂತ ಹುಡುಕಬೇಕು.

ಇಡೀ ಮನೆಗೆ ಒಂದೇ ಆರ್‌ಸಿಸಿಬಿ ಇರೋದೇ ಸಾಮಾನ್ಯವಾಗಿ ಮೂಲ ತೊಂದರೆ. ಫ್ರಿಜ್, ಗೀಸರ್, ವಾಷಿಂಗ್ ಮಷಿನ್, ಕಂಪ್ಯೂಟರ್, ಹತ್ತಾರು ಎಲ್ಇಡಿ ಬಲ್ಬು, ಪ್ರತಿಯೊಂದೂ ಚೂರು ಚೂರು ಸೋರತ್ತೆ, ಎಲ್ಲಾ ಸೇರಿ ಹದಿನೈದು ಮಿಲಿ ಆಂಪ್ ದಾಟಿದ್ರೆ ಆಮೇಲೆ ಒಂದು ಸಣ್ಣ ನೆಪ ಸಾಕು, ಯಾಕಂದ್ರೆ 30 ಅಂತ ಬರೆದಿರೋ ಆರ್‌ಸಿಸಿಬಿ 15ರಿಂದ 30ರ ಮಧ್ಯೆ ಎಲ್ಲಿ ಬೇಕಾದ್ರೂ ಬೀಳಬಹುದು. ಮುಂಗಾರಿಗೆ ಮುಂಚೆ ಗುಡುಗು ಸಿಡಿಲಿನ ಮಳೆ ಬರತ್ತಲ್ಲ, ಆಗಂತೂ ಬೀಳೋದು ಜಾಸ್ತಿ. ಟ್ಯಾಂಕಿಗೆ ಬೇರೇನೇ ಒಂದು ಹಾಕಿಸಿ, ಅದು ಗೀಸರ್‌ ಇರೋ ಆರ್‌ಸಿಸಿಬಿ ಮೂಲಕ ಹಾದು ಬರಬಾರದು, ಡಿಬಿಯಿಂದ ನೇರ ಬೇರೆ ಲೈನ್ ಆಗಬೇಕು. ಆ ಲೈನಿನ ನ್ಯೂಟ್ರಲ್ಲೂ ಅದೇ ಆರ್‌ಸಿಸಿಬಿಯಿಂದಾನೇ ಬರ್ಬೇಕು, ಪಕ್ಕದ ಲೈನಿಂದ ಸಾಲ ತಂದ ನ್ಯೂಟ್ರಲ್ ಇದ್ರೆ ಲೋಡ್ ಹಾಕಿದ ತಕ್ಷಣ ಬೀಳತ್ತೆ, ಅವಾಗ ವೈರ್‌ಮನ್ 'ಪೀಸೇ ಖರಾಬು' ಅಂತಾನೆ. ಕೊಳ್ಳೋವಾಗ ಟೈಪ್ ಎ ಕೇಳಿ, ಟೈಪ್ ಎಸಿ ಅಲ್ಲ. ಈಗಿನ ಎಲ್ಇಡಿ ಡ್ರೈವರು ಅಡಾಪ್ಟರುಗಳ ಸೋರಿಕೆ ಎಲ್ಲಾ ಸಲ ಸಾದಾ ಎಸಿ ಥರ ಇರಲ್ಲ, ಟೈಪ್ ಎ ಅಂಥದ್ದನ್ನೂ ಗುರುತು ಹಿಡಿಯತ್ತೆ.

ಊರಿಗೆ ಹೋಗೋ ಹೊತ್ತಿಗೆ ಬ್ಯಾಟರಿ ಏರ್ ಪಂಪ್ ಒಂದು ಇಡಿ, ಕರೆಂಟ್ ಹೋದ ತಕ್ಷಣ ತಾನಾಗೇ ಶುರುವಾಗೋ ಥರದ್ದು ಸಿಗತ್ತೆ. ದೊಡ್ಡ ಟ್ಯಾಂಕ್ ಆದ್ರೆ ಹೀಟರ್ ಒಂದು ಆರ್‌ಸಿಬಿಓ ಮೇಲೆ, ಏರ್ ಪಂಪ್ ಇನ್ನೊಂದರ ಮೇಲೆ, ಒಂದು ಬಿದ್ರೂ ಇನ್ನೊಂದು ಉಳಿಯತ್ತೆ. ಗೋಲ್ಡ್ ಫಿಶ್‌ಗೆ ಆಮ್ಲಜನಕ ಜಾಸ್ತಿ ಬೇಕು, ಟ್ಯಾಂಕ್‌ನಲ್ಲಿ ಮೀನು ಗಿಜಿಗುಡ್ತಿದ್ರೆ ಕರೆಂಟ್ ಹೋದ ಕೆಲವೇ ಗಂಟೇಲಿ ಉಸಿರು ಕಟ್ಟತ್ತೆ. ನಿಮ್ಮ ಟ್ಯಾಂಕಲ್ಲಿ ಎಷ್ಟಿದ್ವು ಅಂತ ಬರೆದಿಲ್ಲ ನೀವು, ನನಗೆ ಅನುಮಾನ ಇದೆ. ಆಮೇಲೆ ತಿಂಗಳಿಗೊಂದು ಸಲ ಆರ್‌ಸಿಸಿಬಿ ಮೇಲಿನ ಟೆಸ್ಟ್ ಬಟನ್ ಒತ್ತಿ ನೋಡಿ, ಬೀಳಲೇಬೇಕು. ಬೀಳದೇ ಇರೋ ಆರ್‌ಸಿಸಿಬಿ ಗೋಡೆಗೆ ಹಾಕಿದ ಅಲಂಕಾರ.

ಪ್ರಶ್ನೆ: ನಮ್ಮಲ್ಲಿ ಇನ್ವರ್ಟರ್ ಇದೆ, ಟ್ಯಾಂಕ್ ಅದರ ಲೈನ್ ಮೇಲಿದೆ. ಕರೆಂಟ್ ಹೋದಾಗ ನೀರಿಗೆ ಕೈ ಹಾಕಬಹುದಾ? — ಶಿವಮೊಗ್ಗ

ಉತ್ತರ: ಹಾಕಬಾರದು. ಇನ್ವರ್ಟರ್‌ನಿಂದ ಬರೋದೂ ಹತ್ರ ಹತ್ರ 230 ವೋಲ್ಟೇ, ಬ್ಯಾಟರಿ 12 ವೋಲ್ಟ್ ಅಂತ ಮೋಸ ಹೋಗ್ಬೇಡಿ. ಎಷ್ಟೋ ಮನೇಲಿ ಆರ್‌ಸಿಸಿಬಿ ಮೇನ್ ಹತ್ರ ಇರತ್ತೆ, ಇನ್ವರ್ಟರ್ ಅದರ ಆಚೆ. ಬ್ಯಾಟರಿ ಮೇಲೆ ಓಡೋವಾಗ ಕರೆಂಟ್ ಹುಟ್ಟೋದೇ ಇನ್ವರ್ಟರಲ್ಲಿ, ಮೇನ್‌ನಲ್ಲಿರೋ ಆರ್‌ಸಿಸಿಬಿ ಬಿದ್ರೂ ಇನ್ವರ್ಟರ್ ಕೊಡೋ ಫೇಸ್ ಕಟ್ ಆಗಲ್ಲ. ಇನ್ವರ್ಟರ್ ಔಟ್‌ಪುಟ್ ಆದ ಮೇಲೆ, ಟ್ಯಾಂಕಿನ ಹತ್ರ, ಇನ್ನೊಂದು ಬೇಕು. ಹಾಕಿಸಿದ ಮೇಲೆ ಅದರ ಟೆಸ್ಟ್ ಬಟನ್‌ನ ಎರಡು ಸಲ ಒತ್ತಿ ನೋಡಿ, ಕರೆಂಟ್ ಇದ್ದಾಗ ಒಂದು ಸಲ, ಮೇನ್ ಆಫ್ ಮಾಡಿ ಬ್ಯಾಟರಿ ಮೇಲೆ ಒಂದು ಸಲ. ಹೀಟರ್‌ನ ಇನ್ವರ್ಟರ್ ಲೈನ್‌ಗೆ ಹಾಕ್ಬೇಡಿ, ಬ್ಯಾಟರಿ ತಿಂದು ಹಾಕತ್ತೆ. ಏರ್ ಪಂಪ್ ಮೂರೋ ನಾಲ್ಕೋ ವಾಟ್, ಅದೊಂದಿದ್ರೆ ರಾತ್ರಿ ಕಳೀಬಹುದು.

ಪ್ರಶ್ನೆ: ಮರೈನ್ ಟ್ಯಾಂಕ್ ಮಾಡಿದ್ದೇನೆ, ಉಪ್ಪು ನೀರು. ಇದಕ್ಕೆ ಬೇರೆ ಜಾಗ್ರತೆ ಏನಾದ್ರೂ ಉಂಟಾ? — ಮಂಗಳೂರು

ಉತ್ತರ: ಉಂಟು. ಸಿಹಿ ನೀರಿಗಿಂತ ಸಮುದ್ರದ ನೀರಲ್ಲಿ ಕರೆಂಟ್ ಎಷ್ಟೋ ಪಟ್ಟು ಸಲೀಸಾಗಿ ಹರಿಯತ್ತೆ. ಸಿಹಿ ನೀರಿನೋರು ನಾವು ಬಚಾವ್ ಅಂದ್ಕೋಬೇಡಿ, ಬೋರ್‌ವೆಲ್ ನೀರೂ ಸಾಕಷ್ಟು ಹರಿಸತ್ತೆ. ಮರೈನ್‌ನಲ್ಲಿ ಇನ್ನೊಂದು ಉಪದ್ರ ಅಂದ್ರೆ ಉಪ್ಪು ತೆವಳೋದು: ಗುಳ್ಳೆ ಒಡೆದು ಹಾರಿದ ಹನಿ ವೈರ್ ಮೇಲೆ ಒಣಗಿ ಬಿಳಿ ಪದರ ಕಟ್ಟತ್ತೆ, ಅದು ನಿಮ್ಮೂರಿನ ತೇವ ಹೀರ್ಕೊಂಡು ಒದ್ದೆ ಆಗತ್ತೆ, ಹಾಗೇ ಮುಂದೆ ಮುಂದೆ ಬೆಳೀತಾ ಪ್ಲಗ್‌ವರೆಗೂ ಹೋಗತ್ತೆ. ಪಿನ್ ಬುಡದಲ್ಲಿ ಹಸಿರು ಕಂಡ್ರೆ ಅದು ಹಿತ್ತಾಳೆ ತಿಂದಿರೋ ಗುರುತು. ವಾರಕ್ಕೊಮ್ಮೆ ಪ್ಲಗ್ ಕಿತ್ತು ಒದ್ದೆ ಬಟ್ಟೇಲಿ ವೈರ್ ಒರೆಸಿ, ಆಮೇಲೆ ಒಣ ಬಟ್ಟೇಲಿ. ಪಂಪ್ ಕೊಳ್ಳೋದಾದ್ರೆ 24 ವೋಲ್ಟ್ ಡಿಸಿ ಪಂಪ್ ತಗೊಳಿ, ನೀರೊಳಗೆ 230 ಹೋಗೋದೇ ಇಲ್ಲ, ಅಡಾಪ್ಟರ್ ಮಾತ್ರ ಎತ್ತರದಲ್ಲಿ ಒಣಗಿರೋ ಕಡೆ ಇರ್ಲಿ, ಒಳ್ಳೇ ಕಂಪನಿದೇ ಇರ್ಲಿ. ಬಾಕ್ಸ್ ಮೇಲೆ ಐಪಿಎಕ್ಸ್7 ಅಂತ ಬರೆದಿದ್ರೆ ಒಂದು ಮೀಟರ್ ಆಳದಲ್ಲಿ ಅರ್ಧ ಗಂಟೆ ತಡೀತು ಅಂತ ಅಷ್ಟೇ, ಸದಾ ಮುಳುಗಿರೋದಕ್ಕೆ ಐಪಿಎಕ್ಸ್8 ನೋಡಿ.

ಪ್ರಶ್ನೆ: ಯಾರಿಗಾದ್ರೂ ಟ್ಯಾಂಕ್ ಹತ್ರ ಶಾಕ್ ಹೊಡೆದು ಅಂಟ್ಕೊಂಡುಬಿಟ್ರೆ ಏನು ಮಾಡೋದು? ಮನೇಲಿ ಕೆಲಸದೋರು ಟ್ಯಾಂಕ್ ತೊಳೀತಾರೆ, ಭಯ. ರಬ್ಬರ್ ಗ್ಲೋವ್ಸ್ ಕೊಟ್ಟಿದೀವಿ. — ಮಂಡ್ಯ

ಉತ್ತರ: ಅವರನ್ನ ಮುಟ್ಟಬೇಡಿ. ಓಡಿ ಹೋಗಿ ಮೇನ್ ಆಫ್ ಮಾಡಿ, ಇನ್ವರ್ಟರ್ ಇದ್ರೆ ಅದನ್ನೂ. ಮೇನ್ ಎಲ್ಲಿದೆ ಅಂತ ಮನೇಲಿರೋ ಎಲ್ರಿಗೂ, ಕೆಲಸದೋರಿಗೂ, ಇವತ್ತೇ ತೋರಿಸಿ. ಮೇನ್ ಸಿಗ್ಲಿಲ್ಲ ಅಂದ್ರೆ ಮಾತ್ರ ಒಣಗಿದ ಮರದ ಕೋಲಿಂದಾನೋ ಪ್ಲಾಸ್ಟಿಕ್ ಕುರ್ಚಿಯಿಂದಾನೋ ಅವರನ್ನ ದೂರ ತಳ್ಳಿ, ಒದ್ದೆ ನೆಲದ ಮೇಲೆ ನಿಂತ್ಕೊಂಡು ಅಲ್ಲ. 108 ಅಥವಾ 112ಗೆ ಫೋನ್ ಮಾಡೋಕೆ ಒಬ್ರಿಗೆ ಹೇಳಿ. ಉಸಿರಾಡ್ತಿಲ್ಲ, ಕರೆದ್ರೆ ಏಳ್ತಿಲ್ಲ ಅಂದ್ರೆ ಎದೆಯ ನಡುವೆ ಎರಡೂ ಅಂಗೈ ಇಟ್ಟು ಐದಾರು ಸೆಂಟಿಮೀಟರ್ ಆಳ ಒತ್ತಿ, ನಿಮಿಷಕ್ಕೆ 100ರಿಂದ 120 ಸಲ, ಆಂಬುಲೆನ್ಸ್ ಬರೋವರೆಗೂ ನಿಲ್ಲಿಸಬೇಡಿ. ಅವರು ತಾವಾಗೇ ಎದ್ದು ಕೂತು 'ಏನಿಲ್ಲ ಬಿಡಿ' ಅಂದ್ರೂ ಒಂದು ಸಲ ಆಸ್ಪತ್ರೇಲಿ ಇಸಿಜಿ ಮಾಡಿಸಿ.

ಗ್ಲೋವ್ಸ್ ನಂಬಬೇಡಿ, ಪಾತ್ರೆ ತೊಳಿಯೋ ಗ್ಲೋವ್ಸ್ ಕರೆಂಟಿಗೆ ಮಾಡಿದ್ದಲ್ಲ, ಸೂಜಿ ಮೊನೆಯಷ್ಟು ತೂತಿದ್ರೂ ಮುಗೀತು, ಮೊಣಕೈ ಹತ್ರ ನೀರು ಒಳಗೆ ಹೋದ್ರೂ ಮುಗೀತು. ಆರ್‌ಸಿಸಿಬಿ ಇದ್ರೂ ಪ್ಲಗ್ ಕೀಳಿ ಅಂತ ನಾನು ಗೋಳು ಹುಯ್ಯೋದಕ್ಕೂ ಕಾರಣ ಇದೆ. ಒಂದೇ ಸಲ ಫೇಸು ನ್ಯೂಟ್ರಲ್ಲು ಎರಡರ ಮಧ್ಯೆ ನೀವು ಸಿಕ್ಕಿ, ನೆಲಕ್ಕೆ ಏನೂ ಸೋರದೇ ಇದ್ರೆ ಆರ್‌ಸಿಸಿಬಿ ಪಾಲಿಗೆ ನೀವೂ ಒಂದು ಬಲ್ಬೇ, ಅದು ಬೀಳಲ್ಲ.

ಪ್ರಶ್ನೆ: ಮಗ ನ್ಯೂಜೆರ್ಸಿಯಿಂದ ಬರೋವಾಗ ಒಳ್ಳೇ ಬ್ರ್ಯಾಂಡ್ ಹೀಟರು, ಫಿಲ್ಟರು ತರ್ತೀನಿ ಅಂತಿದಾನೆ. ಪ್ಲಗ್ ಕನ್ವರ್ಟರ್ ಹಾಕಿದ್ರೆ ಸಾಕಾ? — ಮೈಸೂರು, ಕುವೆಂಪುನಗರ

ಉತ್ತರ: ಅಲ್ಲಿ 120 ವೋಲ್ಟ್, 60 ಹರ್ಟ್ಜ್, ಇಲ್ಲಿ 230, 50. ಪ್ಲಗ್ ಕನ್ವರ್ಟರ್ ಪಿನ್ನಿನ ಆಕಾರ ಬದಲಾಯಿಸತ್ತೆ, ವೋಲ್ಟೇಜ್ ಅಲ್ಲ. ಹೀಟರ್‌ಗೆ ವೋಲ್ಟೇಜ್ ಡಬಲ್ ಹತ್ರ ಆದ್ರೆ ಪವರ್ ನಾಲ್ಕು ಪಟ್ಟು ಹತ್ರ ಆಗತ್ತೆ, 100 ವಾಟ್ ಹೀಟರ್ ಇಲ್ಲಿ 360 ವಾಟ್ ದಾಟಿ ಉರಿಯೋಕೆ ನೋಡತ್ತೆ, ಅಷ್ಟರಲ್ಲಿ ಒಡೆದಿರತ್ತೆ. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ಹಾಕ್ತೀನಿ ಅಂದ್ರೂ ಅಂಗಡೀಲಿ ಸಿಗೋದು ಹೆಚ್ಚಿಗೆ ಆಟೋ ಟ್ರಾನ್ಸ್‌ಫಾರ್ಮರ್, ಅದು ವೋಲ್ಟೇಜ್ ಇಳಿಸತ್ತೆ ಹೊರತು ಮನೆ ಲೈನ್‌ನಿಂದ ಬೇರೆ ಮಾಡಲ್ಲ, ಫೇಸು ನ್ಯೂಟ್ರಲ್ಲು ಅದಲಾಗಿದ್ರೆ ಒಂದು ತಂತೀಲಿ ಪೂರ್ತಿ 230 ಹಾಗೇ ಇರತ್ತೆ. ಫಿಲ್ಟರ್ ಮೋಟಾರ್ 50 ಹರ್ಟ್ಜ್‌ನಲ್ಲಿ ಆರರಲ್ಲಿ ಐದು ಭಾಗ ವೇಗದಲ್ಲಿ ತಿರುಗಿ ಬಿಸಿ ಬೇರೆ ಆಗತ್ತೆ. ಮಗನಿಗೆ ನೀರು ಪರೀಕ್ಷೆ ಮಾಡೋ ಟೆಸ್ಟ್ ಕಿಟ್ ತರೋಕೆ ಹೇಳಿ, ಹೀಟರ್ ಇಲ್ಲೇ ತಗೊಳಿ.